ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತಿದೆ ಅಂತ ಗಟ್ಟಿ ಬೋಲ್ಟ್ ಹಾಕಬೇಡಿ

ಹಳೇ ಮಿನಿ ಟ್ರ್ಯಾಕ್ಟರ್‌ಗೆ ರೋಟವೇಟರ್ (ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿ ಮಾಡುವ ಸಲಕರಣೆ) ಹಾಕಿಕೊಂಡು ಕೆಲಸ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆರಳುದ್ದದ ಒಂದು ಬೋಲ್ಟಿನ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಅದರಿಂದ ರೋಟವೇಟರಿನ ಗೇರ್‌ಬಾಕ್ಸ್ ಹೋಯಿತು, ಪಿಟಿಒ ಶಾಫ್ಟ್ (ಟ್ರ್ಯಾಕ್ಟರಿನ ಹಿಂದಿರುವ ಪಿಟಿಒದಿಂದ, ಅಂದರೆ ಎಂಜಿನ್ ಶಕ್ತಿ ಹೊರಬರುವ ತುದಿಯಿಂದ, ರೋಟವೇಟರನ್ನು ತಿರುಗಿಸುವ ದಂಡ) ಹೋಯಿತು, ಕೊನೆಗೆ ಟ್ರ್ಯಾಕ್ಟರಿನ ಹಿಂಭಾಗವನ್ನೇ ಬಿಚ್ಚಬೇಕಾಯಿತು. ನೆಲ ಹದವಾಗಿದ್ದ ದಿನಗಳೆಲ್ಲ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಇದಕ್ಕಿಂತ ದೊಡ್ಡ ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಅದನ್ನೂ ಹೇಳುತ್ತೇನೆ.

ನನ್ನದು 20 ವರ್ಷಕ್ಕೂ ಹಳೆಯ ಗಾಡಿ. ಮೂರು ಸಿಲಿಂಡರಿನ ಡೀಸೆಲ್ ಎಂಜಿನ್. ಇವತ್ತಿಗೂ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ರೋಟವೇಟರ್ ಮಾತ್ರ ಬೇರೆಯವರ ಹತ್ತಿರ ತಗೊಂಡಿದ್ದು, ಅದೂ ಹಳೆಯದೇ. ಪಿಟಿಒ ಶಾಫ್ಟಿನಲ್ಲಿ, ರೋಟವೇಟರ್ ಕಡೆಯ ಕವಲಿನಾಕಾರದ ಜೋಡಣೆಯಾದ ಯೋಕ್‌ನಲ್ಲಿ 8 ಎಂಎಂ ದಪ್ಪದ ಒಂದು ಬೋಲ್ಟ್ ಇದೆ. ಅದೇ ಶಿಯರ್ ಬೋಲ್ಟ್. ಬ್ಲೇಡಿಗೆ ಕಲ್ಲೋ ಬೇರೋ ಸಿಕ್ಕಿ ರೋಟರ್ ಗಕ್ಕನೆ ನಿಂತರೆ ಮೊದಲು ಈ ಬೋಲ್ಟ್ ತುಂಡಾಗಬೇಕು. ಆಗ ಶಾಫ್ಟ್ ಸುಮ್ನೆ ತಿರುಗುತ್ತದೆ, ಗೇರಿನ ಮೇಲೆ ಹೊಡೆತ ಬೀಳುವುದಿಲ್ಲ. ಅದನ್ನು ಇಟ್ಟಿರುವುದೇ ಮುರಿಯಲಿ ಅಂತ.

ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಮಾಡಿದೆ.

ಆ ಸಲ ಬೋಲ್ಟ್ ವಿಪರೀತ ಮುರಿಯತೊಡಗಿತು. ಮೊದಲು ದಿನಕ್ಕೊಂದು, ಆಮೇಲೆ ಗಂಟೆಗೊಂದು. ಕಲ್ಲಿಲ್ಲ, ಬೇರಿಲ್ಲ, ಮೆತ್ತನೆಯ ಮಣ್ಣಿನಲ್ಲೂ ಮುರಿಯಿತು. ಪ್ರತಿ ಸಲ ಇಳಿಯಬೇಕು, ತೂತಿನೊಳಗೆ ಸಿಕ್ಕಿಕೊಂಡ ತುಂಡನ್ನು ಪಂಚ್ ಇಟ್ಟು ಹೊಡೆದು ತೆಗೆಯಬೇಕು, ಎರಡೂ ಕಡೆಯ ತೂತು ಹೊಂದಿಸಿ ಹೊಸದು ಹಾಕಬೇಕು. ಹೀಗೆ ಆರನೆಯದೋ ಏಳನೆಯದೋ ಮುರಿದಾಗ ತಾಳ್ಮೆ ಕೆಟ್ಟಿತು. ಟೂಲ್ ಬಾಕ್ಸಿನಲ್ಲಿ ಅದೇ ಅಳತೆಯ ಒಂದು ಕಪ್ಪು ಅಲೆನ್ ಬೋಲ್ಟ್ ಬಿದ್ದಿತ್ತು. ತಲೆಯ ಮೇಲೆ 12.9 ಅಂತ ಇತ್ತು. ಅದನ್ನೇ ಹಾಕಿ ಬಿಗಿದೆ.

ಈ ಅಂಕಿಯ ಅರ್ಥ ಎಲ್ಲರಿಗೂ ಗೊತ್ತಿರಬೇಕು, ಅದಕ್ಕೇ ಹೇಳುತ್ತೇನೆ. ಚುಕ್ಕಿಯ ಮೊದಲಿನ ಅಂಕಿಯನ್ನು 100ರಿಂದ ಗುಣಿಸಿ. ಬೋಲ್ಟ್ ಹರಿದು ಹೋಗಲು ಎಷ್ಟು ಎಳೆತ ಬೇಕು ಅನ್ನುವುದು ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ ಸಿಗುತ್ತದೆ. 8.8 ಅಂದರೆ 800. 12.9 ಅಂದರೆ 1200. ನನ್ನ ರೋಟವೇಟರಿಗೆ ಹೇಳಿದ್ದು 8.8. ನಾನು ಹಾಕಿದ್ದು ಅದರ ಒಂದೂವರೆ ಪಟ್ಟು ಗಟ್ಟಿ. ಅಂದರೆ ಬೋಲ್ಟ್ ಮುರಿಯುವ ಮೊದಲು ಅದರ ಹಿಂದೆ ಮುಂದೆ ಇರುವ ಒಂದೊಂದು ಭಾಗವೂ ಒಂದೂವರೆ ಪಟ್ಟು ಹೊಡೆತ ತಿನ್ನಬೇಕು. ಹಳೇ ಗೇರು, ಹಳೇ ಬೇರಿಂಗು ಅಷ್ಟು ತಡೆಯುತ್ತವಾ?

ಒಂದು ವಾರ ಏನೂ ಆಗಲಿಲ್ಲ. ಅದೇ ಕೆಟ್ಟದ್ದಾಯಿತು. ಸಮಸ್ಯೆ ಮುಗಿಯಿತು ಅಂದುಕೊಂಡೆ.

ಎಂಟನೇ ದಿನ ಬ್ಲೇಡು ಮಣ್ಣಿನೊಳಗಿದ್ದ ಹಳೇ ಮರದ ಬೊಡ್ಡೆಗೆ ಸಿಕ್ಕಿತು. ಗಾಡಿ ಒಮ್ಮೆ ಮುಂದಕ್ಕೆ ಜಿಗಿಯಿತು. ಎಂಜಿನ್ ಸದ್ದು ಪೂರ್ತಿ ಕೆಳಗೆ ಬಿತ್ತು. ಆಮೇಲೆ ಹಿಂದಿನಿಂದ ಧಡ್ ಅಂತ ಒಂದು ಸದ್ದು, ಅದರ ಬೆನ್ನಿಗೇ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು, ಬಿಡದೆ. ಶಾಫ್ಟಿನ ಕ್ರಾಸ್ (ಎರಡು ಯೋಕ್‌ಗಳನ್ನು ಜೋಡಿಸುವ, ಕೂಡಿಸುವ ಚಿಹ್ನೆಯ ಆಕಾರದ ತುಂಡು) ಮುರಿದಿತ್ತು. ರೋಟವೇಟರ್ ಕಡೆ ಬಿಟ್ಟುಕೊಂಡು, ಟ್ರ್ಯಾಕ್ಟರ್ ಕಡೆಗೆ ಮಾತ್ರ ಸಿಕ್ಕಿಕೊಂಡಿದ್ದ ಅರ್ಧ ಶಾಫ್ಟ್ ಗಾಡಿಯ ಹಿಂಭಾಗವನ್ನು ಬಡಿಯುತ್ತಾ ತಿರುಗುತ್ತಿತ್ತು. ಪಿಟಿಒ ನಿಮಿಷಕ್ಕೆ 540 ಸುತ್ತು. ಸೆಕೆಂಡಿಗೆ ಒಂಬತ್ತು. ನಾನು ಲಿವರ್ ಎಳೆಯಲು ಎರಡು ಸೆಕೆಂಡು ತಗೊಂಡಿದ್ದರೂ ಅಷ್ಟರಲ್ಲಿ ಹದಿನೆಂಟು ಹೊಡೆತ.

ನನ್ನ ತಮ್ಮ ಕಲ್ಲು ಆರಿಸುತ್ತಾ ಹತ್ತು ಹೆಜ್ಜೆ ಹಿಂದಿದ್ದ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದೆ ಅಂತ ವರ್ಷದ ಹಿಂದೆಯೇ ಕಿತ್ತು ಬಿಸಾಡಿದ್ದೆ. ಕ್ರಾಸಿನ ಒಂದು ತುಂಡು ಅವನ ಕಾಲ ಹತ್ತಿರ ಮಣ್ಣಿನಲ್ಲಿ ಹೂತುಕೊಂಡಿತ್ತು. ಅದನ್ನು ಕೈಗೆತ್ತಿಕೊಂಡಾಗ ಇನ್ನೂ ಬಿಸಿ ಇತ್ತು. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ.

ನಷ್ಟ ಅಲ್ಲಿಗೆ ನಿಲ್ಲಲಿಲ್ಲ. ರೋಟವೇಟರಿನ ಗೇರ್‌ಬಾಕ್ಸ್ ತೆಗೆದಾಗ ಪಿನಿಯನ್ನಿನ (ಸಣ್ಣ ಗೇರಿನ) ಎರಡು ಹಲ್ಲು ಬುಡಸಮೇತ ಹೋಗಿದ್ದವು. ಇದು ಕಣ್ಣಿಗೆ ಕಂಡದ್ದು. ಕಾಣದೇ ಇದ್ದದ್ದು ಟ್ರ್ಯಾಕ್ಟರಿನೊಳಗೆ. ಆ ಅರ್ಧ ಶಾಫ್ಟ್ ಬಡಿದಾಗ ಪಿಟಿಒ ಹೊರಬರುವ ಜಾಗದ ಬೇರಿಂಗ್ ಏಟು ತಿಂದಿತ್ತು. ಆಯಿಲ್ ಸೀಲಿನಿಂದ ಸ್ವಲ್ಪ ಜಿನುಗುತ್ತಿತ್ತು. ಸೀಲ್ ಬದಲಾಯಿಸಿದರೆ ಸಾಕು ಅಂದುಕೊಂಡು ಬದಲಾಯಿಸಿದೆ. ರೋಟವೇಟರ್ ಪಕ್ಕಕ್ಕಿಟ್ಟು ಬೇರೆ ಸಣ್ಣಪುಟ್ಟ ಕೆಲಸಕ್ಕೆ ಗಾಡಿ ಓಡಿಸಿದೆ. ಇದು ನನ್ನ ಎರಡನೇ ತಪ್ಪು.

ಇಂಥ ಎಷ್ಟೋ ಸಣ್ಣ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್, ಪಿಟಿಒ, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಆಯಿಲ್. ಬೇರಿಂಗ್ ಪುಡಿಯಾದರೆ ಆ ಪುಡಿ ಅದೇ ಆಯಿಲಿನಲ್ಲಿ ಸುತ್ತುತ್ತದೆ, ಹೈಡ್ರಾಲಿಕ್ ಪಂಪಿಗೂ ಹೋಗುತ್ತದೆ. ಸ್ವಲ್ಪ ದಿನದಲ್ಲಿ ಲಿಫ್ಟ್ ಎತ್ತುವಾಗ ಪಂಪ್ ಕೊಯ್ಯ್ ಅಂತ ಅಳಲು ಶುರು ಮಾಡಿತು. ಡ್ರೈನ್ ಪ್ಲಗ್ ಬಿಚ್ಚಿದೆ. ಅದರ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ಪೇಸ್ಟ್ ಅಂಟಿತ್ತು. ಸ್ವಲ್ಪ ಪೇಸ್ಟ್ ಇರುವುದು ಮಾಮೂಲು, ಗೇರು ಸವೆದಾಗ ಬರುತ್ತದೆ. ಆದರೆ ಇದನ್ನು ಎರಡು ಬೆರಳ ನಡುವೆ ಉಜ್ಜಿದಾಗ ಚುಚ್ಚಿತು. ಬಿಸಿಲಿಗೆ ಹಿಡಿದರೆ ಮಿನುಗುವ ಚೂರುಗಳು. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿದರೆ ಅಲ್ಲೂ ಅದೇ. ಅವತ್ತೇ ಗಾಡಿ ನಿಲ್ಲಿಸಿದೆ.

ಬಿಚ್ಚಿದ ಮೆಕ್ಯಾನಿಕ್ ವಯಸ್ಸಾದವರು, ಮಾತು ಕಡಿಮೆ. ಮುರಿದ ಭಾಗಗಳನ್ನೆಲ್ಲ ಒಂದು ಹಾಳೆಯ ಮೇಲೆ ಸಾಲಾಗಿ ಇಟ್ಟರು. ಕೊನೆಗೆ ನನ್ನ 12.9 ಬೋಲ್ಟನ್ನು ಇಟ್ಟರು. ಅದು ಸ್ವಲ್ಪ ಬಾಗಿತ್ತು, ಮುರಿದಿರಲಿಲ್ಲ. "ಇದೊಂದು ಮುರಿದಿದ್ರೆ ಇವೆಲ್ಲ ಉಳೀತಿದ್ವು ನೋಡಿ" ಅಂದರು.

ಹಾಗಾದರೆ ಮೊದಲು ಬೋಲ್ಟ್ ಯಾಕೆ ಅಷ್ಟು ಮುರಿಯುತ್ತಿತ್ತು? ನಾನು ಆಗ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದೊಂದೇ. ಉತ್ತರ ಸಿಕ್ಕಿದ್ದು ಎಲ್ಲ ಹಾಳಾದ ಮೇಲೆ. ಯೋಕ್‌ನ ತೂತು ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ವರ್ನಿಯರ್ ಇಟ್ಟು ಅಳೆದರೆ ಒಂದು ಕಡೆ 8 ಎಂಎಂ ಚಿಲ್ಲರೆ, ಇನ್ನೊಂದು ಕಡೆ 10 ಎಂಎಂ. ಅಷ್ಟು ಸಡಿಲ ಇದ್ದರೆ ಪಿಟಿಒ ಹಾಕಿದಾಗಲೆಲ್ಲ ಬೋಲ್ಟಿಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಜೊತೆಗೆ ನಾನು ತಂದಿದ್ದು ತಲೆಯವರೆಗೂ ಥ್ರೆಡ್ ಇರುವ ಬೋಲ್ಟ್. ಯೋಕ್ ಮತ್ತು ಹಬ್ (ಯೋಕ್ ಕೂರುವ ನಡುಭಾಗ) ಸೇರುವ ಜಾಗದಲ್ಲೇ ಬೋಲ್ಟ್ ಕತ್ತರಿಸುವುದು. ಅಲ್ಲಿ ನುಣುಪಾದ ಭಾಗ ಬರಬೇಕು. ಥ್ರೆಡ್ ಬಂದರೆ ಆ ಜಾಗದಲ್ಲಿ ಬೋಲ್ಟ್ ಸಣ್ಣ, 8 ಎಂಎಂ ಬೋಲ್ಟಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಕಬ್ಬಿಣ ಕಡಿಮೆಯಾಗುತ್ತದೆ. ಇದರ ಮೇಲೆ ನನ್ನ ಅಭ್ಯಾಸ ಒಂದಿತ್ತು. ರೋಟವೇಟರನ್ನು ಮಣ್ಣಿಗೆ ಇಳಿಸಿ, ಅರ್ಧ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಪಿಟಿಒ ಹಾಕುತ್ತಿದ್ದೆ. ರೋಟರನ್ನು ನೆಲದಿಂದ ಸ್ವಲ್ಪ ಮೇಲೆ ಇಟ್ಟುಕೊಂಡು, ಎಂಜಿನ್ ನಿಧಾನ ಇರುವಾಗ ಪಿಟಿಒ ಹಾಕಿ, ಆಮೇಲೆ ವೇಗ ಏರಿಸಿ, ತಿರುಗುತ್ತಿರುವಾಗಲೇ ನಿಧಾನಕ್ಕೆ ಇಳಿಸಬೇಕು. ಇಷ್ಟೇ ವ್ಯತ್ಯಾಸ.

ಆದ್ದರಿಂದ ಬೋಲ್ಟ್ ಪದೇ ಪದೇ ಮುರಿಯುತ್ತಿದ್ದರೆ ಬೋಲ್ಟನ್ನು ಬೈಯಬೇಡಿ. ತೂತು ನೋಡಿ. ಮುರಿದ ತುಂಡು ಎಲ್ಲಿ ಕತ್ತರಿಸಿದೆ ನೋಡಿ. ನಟ್ ಸಡಿಲ ಇದೆಯಾ ನೋಡಿ. ಬೋಲ್ಟ್ ತೆಗೆದ ಮೇಲೆ ಯೋಕ್ ತನ್ನ ಹಬ್ಬಿನ ಮೇಲೆ ಕೈಯಲ್ಲಿ ಸಲೀಸಾಗಿ ತಿರುಗುತ್ತದಾ ಅಂತಲೂ ನೋಡಿ. ಅದು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸರಿಯಾದ ಬೋಲ್ಟ್ ಮುರಿದರೂ ಪ್ರಯೋಜನವಿಲ್ಲ. ಅಲ್ಲಿ ಗ್ರೀಸ್ ನಿಪ್ಪಲ್ ಇದ್ದರೆ ಮರೆಯದೆ ಗ್ರೀಸ್ ಹೊಡೆಯಿರಿ. ಬೋಲ್ಟ್ ಮಾತ್ರ ಪುಸ್ತಕದಲ್ಲಿ ಹೇಳಿದ ದಪ್ಪದ್ದು, ಹೇಳಿದ ಅಂಕಿಯದ್ದೇ ಹಾಕಿ.

ಇದೆಲ್ಲ ನೋಡುವಾಗ ಎಂಜಿನ್ ಆಫ್ ಇರಲಿ, ಕೀ ನಿಮ್ಮ ಜೇಬಿನಲ್ಲಿರಲಿ, ರೋಟವೇಟರ್ ನೆಲದ ಮೇಲೆ ಕೂತಿರಲಿ. ಹಳೇ ಗಾಡಿಯ ಲಿಫ್ಟನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಒಳಗಿನ ಸೀಲ್ ಸವೆದಿದ್ದರೆ ಎಂಜಿನ್ ಆಫ್ ಆದ ಮೇಲೆ ತಾನಾಗಿ ಇಳಿಯುತ್ತದೆ. ಎತ್ತಿಯೇ ಕೆಲಸ ಮಾಡಬೇಕಿದ್ದರೆ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡಿ.

ಹೊಸ ಶಾಫ್ಟ್ ತಂದಾಗ ಇನ್ನೊಂದು ತಪ್ಪು ಆಗುವುದರಲ್ಲಿತ್ತು. ಶಾಫ್ಟ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಅದು ಉದ್ದ ಜಾಸ್ತಿ ಇತ್ತು. ಹಾಗೇ ಹಾಕಿದ್ದರೆ ಲಿಫ್ಟ್ ಎತ್ತಿ ಇಳಿಸುವಾಗ ಒಳಕೊಳವೆ ಹೋಗಿ ತಳಕ್ಕೆ ಗುದ್ದಿ, ಈಗಷ್ಟೇ ಹಾಕಿದ ಬೇರಿಂಗನ್ನು ಒಳಕ್ಕೆ ತಳ್ಳುತ್ತಿತ್ತು. ರೋಟವೇಟರನ್ನು ಪೂರ್ತಿ ಇಳಿಸಿ, ಪೂರ್ತಿ ಎತ್ತಿ, ನಡುವೆ ನಿಲ್ಲಿಸಿ ಅಳತೆ ತಗೊಂಡೆವು. ಎಲ್ಲಿ ಅಂತರ ಅತಿ ಕಡಿಮೆಯೋ ಅಲ್ಲೂ 25 ಎಂಎಂ ಜಾಗ ಉಳಿಯುವ ಹಾಗೆ ಎರಡೂ ಕೊಳವೆ ಮತ್ತು ಎರಡೂ ಕವರನ್ನು ಒಂದೇ ಅಳತೆಗೆ ಕತ್ತರಿಸಿದೆವು. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದೆವು. ಕೆಲಸ ಮಾಡುವಾಗ ಕೊಳವೆಗಳು ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಜೋಡಿಸುವಾಗ ಒಳಗಿನ ಎರಡು ಯೋಕ್‌ಗಳ ಕಿವಿಗಳು ಒಂದೇ ಸಾಲಿನಲ್ಲಿ ಬರಬೇಕು. ತಿರುವಿ ಹಾಕಿದರೆ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಹೋಗುತ್ತದೆ.

ಕವರ್ ಈಗ ಹೊಸದು, ತಿರುಗದಂತೆ ಚೈನನ್ನೂ ಸಿಕ್ಕಿಸಿದ್ದೇನೆ. ಗಾಡಿ ಓಡುವಾಗ ತಮ್ಮ ಹೊಲದ ಆ ತುದಿಯಲ್ಲಿರುತ್ತಾನೆ, ಕಲ್ಲು ಆರಿಸುವ ಕೆಲಸ ಬೇರೆ ದಿನ. ಸೀಟಿನ ಕೆಳಗಿನ ಡಬ್ಬಿಯಲ್ಲಿ ಅರ್ಧ ನುಣುಪು ಇರುವ 8.8 ಬೋಲ್ಟ್ ಹತ್ತು, ಲಾಕ್ ನಟ್ ಹತ್ತು, ಒಂದು ಪಂಚ್, ಒಂದು ಸುತ್ತಿಗೆ. ಮೊನ್ನೆ ಬೇರಿಗೆ ಸಿಕ್ಕಿ ಒಂದು ಮುರಿಯಿತು. ಟಕ್ ಅಂದಿತು, ಅಷ್ಟೇ. ಪಂಪ್ ಮಾತ್ರ ಬೆಳಗಿನ ಚಳಿಯಲ್ಲಿ ಇನ್ನೂ ಸ್ವಲ್ಪ ಅಳುತ್ತದೆ. ಇನ್ನು 50 ಗಂಟೆ ಓಡಿದ ಮೇಲೆ ಮತ್ತೆ ಫಿಲ್ಟರ್ ಕತ್ತರಿಸಿ ನೋಡಬೇಕು.