ಟ್ರ್ಯಾಕ್ಟರ್ ಟೈರಿಗೆ ನೀರು: ನೇಗಿಲಿಗೆ ಬೇಕು, ಬಿತ್ತನೆಗೆ ಬೇಡ
ರಾಣೆಬೆನ್ನೂರು ಕಡೆಯ ನಮ್ಮ ಜಮೀನು ಅರ್ಧ ಮಸಾರಿ (ಕೆಂಪು ಮಣ್ಣು), ಅರ್ಧ ಎರೆ (ಕಪ್ಪು ಮಣ್ಣು). ಟ್ರ್ಯಾಕ್ಟರ್ 45 ಅಶ್ವಶಕ್ತಿಯದು, ಹಿಂದಿನ ಟೈರುಗಳ ಅಳತೆ 13.6-28. ಮೆಕ್ಕೆಜೋಳ ಕೊಯ್ದ ಮಸಾರಿಗೆ ಬೇಸಿಗೆಯಲ್ಲಿ ಪಲ್ಟಿ ನೇಗಿಲು ಇಳಿಸಿದರೆ ಗಾಲಿಗಳು ನಿಂತಲ್ಲೇ ತಿರುಗಿ ಡೀಸೆಲ್ ಕುಡಿಯುತ್ತಿದ್ದವು. ಅದಕ್ಕೇ, ಗಾಲಿಗೆ ಭಾರ ಕೂಡಿ ಹಿಡಿತ ಸಿಗಲೆಂದು ಪೇಟೆಯ ಟೈರ್ ಅಂಗಡಿಯಲ್ಲಿ ಹಿಂದಿನ ಟೈರುಗಳಿಗೆ ನೀರು ತುಂಬಿಸಿದೆ.

ಕೆಲಸ ಅಚ್ಚುಕಟ್ಟಾಗಿತ್ತು. ಜಾಕ್ ಕೊಟ್ಟು ಗಾಲಿ ಎತ್ತಿ, ವಾಲ್ವ್ ಮೇಲ್ತುದಿಗೆ ಬರುವಂತೆ ತಿರುಗಿಸಿ, ಪಿನ್ನು ಬಿಚ್ಚಿ ನೀರಿನ ನಳಿಕೆ ಸಿಕ್ಕಿಸಿದರು. ನಳಿಕೆಯ ಪಕ್ಕದ ಸಣ್ಣ ರಂಧ್ರದಿಂದ ಗಾಳಿ ಬುಸುಗುಟ್ಟುತ್ತಾ ಹೊರಬಿದ್ದು, ಕೊನೆಗೆ ಅಲ್ಲಿಂದಲೇ ನೀರು ಚಿಮ್ಮಿತು. ಅಲ್ಲಿಗೆ ಮುಕ್ಕಾಲು ಭಾಗ ತುಂಬಿತೆಂದು ಲೆಕ್ಕ. ಉಳಿದ ಕಾಲು ಭಾಗಕ್ಕೆ ಗಾಳಿಯೇ ಬೇಕು. ನೀರು ಕುಗ್ಗುವುದಿಲ್ಲ, ಕಲ್ಲು ತಗುಲಿದಾಗ ಪೆಟ್ಟು ತಾಳುವುದು ಆ ಗಾಳಿ. ಪೂರ್ತಿ ತುಂಬಿಸಿ ಎನ್ನುವವರ ಮಾತನ್ನು ಕೇಳಲೇಬೇಡಿ.

ಈ ಅಳತೆಯ ಟೈರು 150 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಎರಡೂ ಸೇರಿ ಮೂರು ಕ್ವಿಂಟಲ್ ದಾಟಿದ ಭಾರ, ಅದೂ ಗಾಲಿಗೆ ಭಾರಕ್ಕಾಗಿ ಕಟ್ಟುವ ಬೀಡುಕಬ್ಬಿಣದ ಬಿಲ್ಲೆಗಳ ಖರ್ಚಿಲ್ಲದೆ. ಈಗ ನೇಗಿಲು ಒಂದೇ ಆಳದಲ್ಲಿ ಸಾಗುತ್ತದೆ. ಭಾರ ಸರಿಯಿದೆಯೇ ಎಂದು ತಿಳಿಯಲು ಟೈರಿನ ಜಾಡು ನೋಡಿದರೆ ಸಾಕು: ಹಲ್ಲಿನ ಅಚ್ಚು ಪೂರ್ತಿ ಅಳಿಸಿದ್ದರೆ ಗಾಲಿ ಜಾರುತ್ತಿದೆ, ಚೊಕ್ಕವಾಗಿ ಮೂಡಿದ್ದರೆ ಭಾರ ಅತಿಯಾಗಿದೆ, ಅಂಚು ತುಸು ಕದಡಿದ್ದರೆ ಹದವಾಗಿದೆ.

ಆದರೆ ಎರೆಯಲ್ಲಿ ಹಸಿಯಿದ್ದಾಗ ಇದೇ ಭಾರ ಮಣ್ಣಿಗೆ ಶತ್ರು. ಗಾಲಿ ಹಾದ ಕಡೆ ಮಣ್ಣು ಬಿಗಿದು ಮಳೆ ನೀರು ಇಂಗುವುದಿಲ್ಲ, ಕಡಲೆಯ ಬೇರು ಆಳಕ್ಕೆ ಇಳಿಯುವುದಿಲ್ಲ. ಒಂದು ಹಂಗಾಮಿನ ಅನುಕೂಲಕ್ಕೆ ಹೊಲವನ್ನು ಕೆಡಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಬಿತ್ತನೆಯ ಕೂರಿಗೆ ಕಟ್ಟುವ ಮೊದಲೇ ನೀರು ಇಳಿಸುತ್ತೇನೆ. ಮಣ್ಣು ಪುಡಿ ಮಾಡುವ ರೋಟವೇಟರಿಗೂ ಇದು ಬೇಕಿಲ್ಲ; ಅದರ ಬ್ಲೇಡುಗಳೇ ಟ್ರ್ಯಾಕ್ಟರನ್ನು ಮುಂದೆ ತಳ್ಳುತ್ತವೆ. ಟ್ರೇಲರ್ ಎಳೆದು ಪೇಟೆಗೆ ಓಡಾಡುವವರಿಗಂತೂ ದಂಡದ ಭಾರ.

ಮುಂಭಾಗ ಮೇಲೇಳುವ ಟ್ರ್ಯಾಕ್ಟರಿಗೆ ಹಿಂದಿನ ಗಾಲಿಯ ನೀರು ಮದ್ದಲ್ಲ, ಅದಕ್ಕೆ ಮುಂದೆಯೇ ತೂಕ ಕಟ್ಟಬೇಕು. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್ ನಮ್ಮ ಸೀಮೆಗೆ ಬೇಡವೇ ಬೇಡ. ಟ್ಯೂಬ್ ಸೋರಿದರೆ ಅದು ರಿಮ್ಮನ್ನು ತಿನ್ನುತ್ತದೆ.

ಪಂಕ್ಚರ್ ಆದರೆ ಫಜೀತಿ ಇದ್ದದ್ದೇ. ನೀರನ್ನೆಲ್ಲ ಹರಿಸಿ, ಮತ್ತೆ ತುಂಬಿಸಬೇಕು. ಹೊಲಕ್ಕೆ ಬಂದು ಮಾಡಿಕೊಡುವವರು ವಿರಳ. ತುಂಬಿಸುವ ದಿನವೇ ಅಂಗಡಿಯವರ ಹತ್ತಿರ ಇದರ ಮಾತೂ ಆಡಿಕೊಳ್ಳಿ.