ಜೋಧಪುರದಲ್ಲಿ ಟಿಟಿ (ಟೆಂಪೋ ಟ್ರಾವೆಲರ್) ಬಾಡಿಗೆ ಹಿಡಿದು ಮರುಭೂಮಿ ಸುತ್ತಿದ್ದು: ಗಾಡಿಗಿಂತ ಮೊದಲು ಡ್ರೈವರ್ ಯಾರು ಅಂತ ಕೇಳಿ

ಮೇ ತಿಂಗಳಲ್ಲಿ ರಾಜಸ್ಥಾನಕ್ಕೆ ಹೋಗುತ್ತೇವೆ ಅಂದಾಗ ಸಾಗರದಲ್ಲಿ ನಮಗೆ ಬೈಯದೆ ಇದ್ದವರೇ ಇಲ್ಲ. ಆದರೆ ಅಡಿಕೆ ತೋಟ ಇರುವ ಮನೆಯವರಿಗೆ ಬೇರೆ ಯಾವ ತಿಂಗಳು ಸಿಗುತ್ತದೆ ಹೇಳಿ? ಚಳಿಗಾಲ ಪೂರ್ತಿ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮಳೆ ಹಿಡಿಯುವ ಹೊತ್ತಿಗೆ ಕೊಳೆ ಮದ್ದು ಹೊಡೆಯಬೇಕು. ಮಕ್ಕಳ ರಜೆಯೂ ಏಪ್ರಿಲ್, ಮೇನಲ್ಲೇ. ಹಾಗಾಗಿ ದೊಡ್ಡಪ್ಪ, ದೊಡ್ಡಮ್ಮ, ಶಿಕಾರಿಪುರದ ಅತ್ತೆ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು, ನಾನು, ನನ್ನ ಹೆಂಡತಿ, ಮಗಳು, ಒಟ್ಟು ಹತ್ತು ಜನ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಜೋಧಪುರಕ್ಕೆ ಹೋದೆವು. ಅಲ್ಲಿ ಮೊದಲೇ ಫೋನಿನಲ್ಲಿ ಮಾತಾಡಿ 12 ಸೀಟಿನ ಟಿಟಿ ಐದು ದಿನಕ್ಕೆ ಬಾಡಿಗೆ ಹಿಡಿದಿದ್ದೆವು. ಈ ಬರಹ ಆ ಗಾಡಿ ಮತ್ತು ಅದರ ಡ್ರೈವರ್ ಬಗ್ಗೆ. ಏಜೆನ್ಸಿಯ ಹೆಸರು ಹಾಕುತ್ತಿಲ್ಲ, ಅವರ ಮೇಲೆ ಎರಡು ದೂರು ಇದೆ, ಕೊನೆಗೆ ಹೇಳುತ್ತೇನೆ.

ಡ್ರೈವರ್‌ಗೆ ಐವತ್ತರ ಆಸುಪಾಸು. ಬಿಷ್ಣೋಯಿ ಸಮುದಾಯದವರು. ನಾವೆಲ್ಲ ಭಯ್ಯಾ ಅಂತಲೇ ಕರೆದೆವು. ಮೊದಲ ದಿನವೇ ಅವರು ಹೇಳಿದ್ದು ಒಂದೇ ಮಾತು: ಬೆಳಿಗ್ಗೆ ನಾಲ್ಕೂವರೆಗೆ ಗಾಡಿ ಹೊರಡುತ್ತದೆ, ಹನ್ನೊಂದಕ್ಕೆ ನಿಲ್ಲುತ್ತದೆ, ಮತ್ತೆ ಹೊರಡುವುದು ಸಂಜೆ ನಾಲ್ಕೂವರೆಗೆ. ದೊಡ್ಡಪ್ಪನಿಗೆ ಇದು ಸರಿ ಬರಲಿಲ್ಲ. ದುಡ್ಡು ಕೊಟ್ಟು ಗಾಡಿ ಹಿಡಿದು ಮಧ್ಯಾಹ್ನ ಪೂರ್ತಿ ಮಲಗುವುದಾ ಅಂತ. ನನಗೂ ಹಾಗೇ ಅನಿಸಿತ್ತು, ನಿಜ ಹೇಳಬೇಕು.

ಮೊದಲ ದಿನ ಓಸಿಯಾಂ, ಫಲೋದಿ, ಪೋಕರಣ್, ಅಲ್ಲಿಂದ ಜೈಸಲ್ಮೇರ್. ಓಸಿಯಾಂ ದೇವಸ್ಥಾನಗಳನ್ನು ಬೆಳಕು ಹರಿಯುವಾಗ ನೋಡಿದೆವು, ಚೆನ್ನಾಗಿವೆ, ಆದರೆ ಆತುರವಾಯಿತು. ಫಲೋದಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಭಯ್ಯಾ ಹೇಳಿದರು, 2016ರ ಮೇ 19ರಂದು ಇದೇ ಊರಲ್ಲಿ 51 ಡಿಗ್ರಿ ಬಿದ್ದಿತ್ತು. ದೇಶದ ದಾಖಲೆ ಅದು. ನಾವು ಅಲ್ಲಿದ್ದಾಗ ಬೆಳಿಗ್ಗೆ ಒಂಬತ್ತು ಗಂಟೆ, ಆಗಲೇ ಗಾಳಿ ಒಲೆಯ ಮುಂದೆ ಕೂತ ಹಾಗೆ ಮುಖಕ್ಕೆ ಹೊಡೆಯುತ್ತಿತ್ತು. ಮಗಳು ಕಿಟಕಿಯ ಸರಳು ಮುಟ್ಟಿ ಕೈ ಎಳೆದುಕೊಂಡಳು. ದೊಡ್ಡಪ್ಪ ಅಲ್ಲಿಂದ ಮುಂದೆ ಮಧ್ಯಾಹ್ನದ ವಿಷಯ ಎತ್ತಲಿಲ್ಲ.

ಪೋಕರಣ್‌ನಲ್ಲಿ ಹನ್ನೊಂದಕ್ಕೆ ಸರಿಯಾಗಿ ಒಂದು ಧರ್ಮಶಾಲೆಯ ಎದುರು ಗಾಡಿ ನಿಂತಿತು. ದಪ್ಪ ಕಲ್ಲಿನ ಗೋಡೆ, ಒಳಗೆ ಕತ್ತಲೆ, ತಂಪು. ಜೀರಿಗೆ ಹಾಕಿದ ಉಪ್ಪು ಮಜ್ಜಿಗೆ ಎರಡೆರಡು ಲೋಟ ಕುಡಿದು ಎಲ್ಲರೂ ಮಲಗಿದೆವು. 1974ರಲ್ಲಿ, 1998ರಲ್ಲಿ ಅಣು ಪರೀಕ್ಷೆ ನಡೆದ ಊರಿನ ಹತ್ತಿರ ಬಂದಿದ್ದೇವೆ, ಎರಡೂ ಸಲ ನಡೆದದ್ದು ಇದೇ ಮೇ ತಿಂಗಳಲ್ಲಿ ಅಂತ ಭಾವ ಮಕ್ಕಳಿಗೆ ಹೇಳುತ್ತಿದ್ದರು. ಮಕ್ಕಳಿಗೆ ಆಗಲೇ ನಿದ್ದೆ.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರುವುದು ಗಾಡಿಯ ಮುಂದೆ ಬಂಪರ್‌ಗೆ ಕಟ್ಟಿದ್ದ ಕ್ಯಾನ್ವಾಸ್ ನೀರಿನ ಚೀಲ. ಛಾಗಲ್ ಅನ್ನುತ್ತಾರೆ ಅದಕ್ಕೆ. ದಪ್ಪ ಬಟ್ಟೆ, ಒಂದು ಮೂಲೆಯಲ್ಲಿ ಬಾಯಿ, ಮರದ ಬಿರಡೆ. ತುಂಬಿಸಿದರೆ ಬಟ್ಟೆಯ ನೂಲಿನಿಂದ ಸಣ್ಣಗೆ ಜಿನುಗುತ್ತಲೇ ಇರುತ್ತದೆ. ಗಾಡಿ ಓಡುವಾಗ ಬಿಸಿಗಾಳಿ ಅದಕ್ಕೆ ಬಡಿದು ಹೊರಗಿನ ಪಸೆ ಆರುತ್ತದೆ, ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮ ಮಣ್ಣಿನ ಹೂಜಿಯ ಲೆಕ್ಕವೇ. ಗಾಳಿ ಒಣ ಇದ್ದಷ್ಟೂ ತಣ್ಣಗೆ, ಅದಕ್ಕೇ ಆಗುಂಬೆಯಲ್ಲಿ ಇದು ನಡೆಯಲಿಕ್ಕಿಲ್ಲ. ಅಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟಿ ಮಳೆ, ಜೈಸಲ್ಮೇರ್‌ನಲ್ಲಿ ಇನ್ನೂರರ ಆಸುಪಾಸು. ಫ್ಲಾಸ್ಕಿನಲ್ಲಿ ತಂದ ಐಸ್ ನೀರು ಮೊದಲ ದಿನವೇ ಮುಗಿಯಿತು. ಆಮೇಲೆ ಐದೂ ದಿನ ಎಲ್ಲರೂ ಕುಡಿದಿದ್ದು ಆ ಚೀಲದ ನೀರು. ದೊಡ್ಡಮ್ಮ ಅಂಗೈ ಬೊಗಸೆ ಮಾಡಿ ಹಿಡಿದರೆ ಭಯ್ಯಾ ಮೇಲಿಂದ ಸಣ್ಣ ಧಾರೆ ಬಿಡುತ್ತಿದ್ದರು, ಒಂದು ಹನಿ ಕೆಳಗೆ ಬೀಳಿಸದ ಹಾಗೆ. ಬಾವಿ, ಹಳ್ಳ, ಅಬ್ಬಿ ನೀರು ನೋಡಿ ಬೆಳೆದ ನಮಗೆ ಅದನ್ನು ನೋಡುವುದೇ ಒಂದು ಪಾಠ.

ಎರಡನೇ ದಿನ ಬೆಳಿಗ್ಗೆ ಜೈಸಲ್ಮೇರ್ ಕೋಟೆ. 1156ರಲ್ಲಿ ಕಟ್ಟಲು ಶುರು ಮಾಡಿದ್ದಂತೆ, ಹಳದಿ ಕಲ್ಲು, ಒಳಗೆ ಈಗಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಸಂಜೆ ಸಮ್ ಮರಳು ದಿಬ್ಬಕ್ಕೆ ಹೊರಟೆವು, ಸುಮಾರು 40 ಕಿ.ಮೀ. ಅರ್ಧ ದಾರಿಯಲ್ಲಿ ಪಶ್ಚಿಮದ ಕಡೆ ಆಕಾಶ ಕಂದು ಬಣ್ಣಕ್ಕೆ ತಿರುಗಿತು. ಆಂಧಿ, ಅಂದರೆ ಮರಳಿನ ಬಿರುಗಾಳಿ ಬರುತ್ತಿದೆ ಅಂದರು ಭಯ್ಯಾ. ರಸ್ತೆ ಬಿಟ್ಟು ಚೆನ್ನಾಗಿ ಒಳಗೆ ಗಾಡಿ ಇಳಿಸಿ, ಕಿಟಕಿ ಮುಚ್ಚಿಸಿ, ಎಂಜಿನ್ ಆಫ್ ಮಾಡಿದರು. ಎಲ್ಲರಿಗೂ ಒದ್ದೆ ಟವೆಲ್ ಮೂಗಿಗೆ ಹಿಡಿಯಲು ಹೇಳಿದರು. ಇಪ್ಪತ್ತು ನಿಮಿಷ ಮುಂದಿನ ಗಾಜಿನ ಆಚೆ ಏನೂ ಕಾಣಲಿಲ್ಲ. ಗಾಡಿ ಅಲ್ಲಾಡುತ್ತಿತ್ತು, ಮರಳು ತಗಡಿಗೆ ಬಡಿಯುವ ಸದ್ದು ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಅತ್ತೆ ವಿಷ್ಣು ಸಹಸ್ರನಾಮ ಶುರು ಮಾಡಿದರು. ಗಾಳಿ ನಿಂತ ಮೇಲೂ ಭಯ್ಯಾ ಹೊರಡಲಿಲ್ಲ, ಮೊದಲು ಏರ್ ಫಿಲ್ಟರ್ ಬಿಚ್ಚಿ ಟೈರಿಗೆ ತಟ್ಟಿ ತಟ್ಟಿ ಮರಳು ಉದುರಿಸಿದರು. ಟೈರಿನ ಗಾಳಿಯನ್ನೂ ಹಾಗೇ, ಬೆಳಗಿನ ಜಾವ ಟೈರ್ ತಣ್ಣಗಿದ್ದಾಗ ಮಾತ್ರ ನೋಡುತ್ತಿದ್ದರು. ಬಿಸಿ ಟೈರಿನಲ್ಲಿ ಒತ್ತಡ ಜಾಸ್ತಿ ತೋರಿಸುತ್ತದೆ, ಅಂತ ಗಾಳಿ ಬಿಟ್ಟರೆ ಆಮೇಲೆ ಕಮ್ಮಿಯಾಗಿ ಟೈರ್ ಒಡೆಯುತ್ತದೆ. ಸಮ್‌ನಲ್ಲಿ ಸೀಸನ್ ಮುಗಿದು ಹೆಚ್ಚಿನ ಟೆಂಟ್ ಮುಚ್ಚಿದ್ದವು. ದಿಬ್ಬದ ಮೇಲೆ ನಾವೇ ನಾವು. ಮಕ್ಕಳು ಕತ್ತಲಾಗುವ ತನಕ ಜಾರಿದರು.

ಮೂರನೇ ದಿನ ತನೋಟ್ ಮಾತಾ ದೇವಸ್ಥಾನ, ಜೈಸಲ್ಮೇರ್‌ನಿಂದ ಸುಮಾರು 120 ಕಿ.ಮೀ. ಪೂಜೆಯನ್ನು ಗಡಿ ಕಾಯುವ ಬಿಎಸ್ಎಫ್‌ನವರೇ ನೋಡಿಕೊಳ್ಳುತ್ತಾರೆ, 1965ರ ಯುದ್ಧದಲ್ಲಿ ಸಿಡಿಯದೆ ಉಳಿದ ಬಾಂಬ್‌ಗಳನ್ನು ಗಾಜಿನಲ್ಲಿ ಇಟ್ಟಿದ್ದಾರೆ. ಆದರೆ ನನಗೆ ಆ ದಿನ ಅಂದರೆ ರಾಮಗಢದ ಹತ್ತಿರ ಸಿಕ್ಕ ಕಾಲುವೆ. ಇಂದಿರಾ ಗಾಂಧಿ ಕಾಲುವೆಯ ಶಾಖೆ. ಆ ಒಣ ನೆಲದ ಮಧ್ಯೆ ತುಂಬಿ ಹರಿಯುವ ನೀರು, ಎರಡೂ ಕಡೆ ಹಸಿರು. ದೊಡ್ಡಪ್ಪ ಗಾಡಿ ನಿಲ್ಲಿಸಲು ಹೇಳಿದರು. ಇದು ಎಲ್ಲಿಯ ನೀರು ಕೇಳು ಅಂದರು ಭಾವನಿಗೆ. ಪಂಜಾಬಿನಿಂದ, ಹರಿಕೆ ಅಣೆಕಟ್ಟಿನಿಂದ ಅಂತ ಭಯ್ಯಾ ಹೇಳಿದರು. ದೊಡ್ಡಪ್ಪನ ಊರು 1964ರಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದು. "ನನಗಾಗ ಹತ್ತು ವರ್ಷ, ನೀರು ಅಂದ್ರೆ ಮನೆ ಬಿಡೋದು ಅಂತಲೇ ಗೊತ್ತಿದ್ದದ್ದು" ಅಂದರು. ಆಮೇಲೆ ತುಂಬಾ ಹೊತ್ತು ಸುಮ್ಮನೆ ನಿಂತಿದ್ದರು. ಅವರು ಈ ವಿಷಯ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಯ್ಯಾ ಹಾರ್ನ್ ಹೊಡೆಯಲಿಲ್ಲ, ಟೈಮ್ ಆಯಿತು ಅನ್ನಲಿಲ್ಲ.

ವಾಪಸ್ ಬರುವಾಗ ಢಾಬಾದಲ್ಲಿ ಸಜ್ಜೆ ರೊಟ್ಟಿ, ಕೇರ್ ಸಾಂಗ್ರಿ. ಕೇರ್ ಅಂದರೆ ಮರುಭೂಮಿಯ ಪೊದೆಯ ಸಣ್ಣ ಕಾಯಿ, ಸಾಂಗ್ರಿ ಅಂದರೆ ಖೇಜ್ಡಿ ಮರದ ಕೋಡು, ಒಣಗಿಸಿ ಇಟ್ಟು ಪಲ್ಯ ಮಾಡುತ್ತಾರೆ. ಹೊರಗೆ ಮರ ತೋರಿಸಿದರು. ಅತ್ತೆ ಹೋಗಿ ಎಲೆ ಕಿತ್ತು ನೋಡಿ, "ಅಯ್ಯೋ ಇದು ಬನ್ನಿ ಅಲ್ವಾ!" ಅಂದರು. ಹೌದು, ವಿಜಯದಶಮಿಗೆ ನಾವು ಮುಡಿಯುವ ಬನ್ನಿಯೇ. ಅಲ್ಲಿ ಮೇಕೆ, ಒಂಟೆ, ಮನುಷ್ಯ ಎಲ್ಲರೂ ಬದುಕುವುದು ಆ ಮರದಿಂದ. 1730ರಲ್ಲಿ ಜೋಧಪುರದ ಹತ್ತಿರ ಖೇಜಡ್ಲಿಯಲ್ಲಿ ರಾಜನ ಕಡೆಯವರು ಈ ಮರ ಕಡಿಯಲು ಬಂದಾಗ ಅಮೃತಾ ದೇವಿ ಮರ ತಬ್ಬಿ ಪ್ರಾಣ ಕೊಟ್ಟರು, ಒಟ್ಟು 363 ಬಿಷ್ಣೋಯಿಗಳು ಸತ್ತರು. ಭಯ್ಯಾ ಇದನ್ನು ತಮ್ಮ ಮನೆಯವರ ವಿಷಯ ಹೇಳಿದ ಹಾಗೆ ಹೇಳಿದರು. ಭಾವ ಶಿರಸಿ ಕಡೆಯವರು, ಕಡಿಯಲು ಬಿಡದೆ ಮರ ಅಪ್ಪಿಕೊಂಡ 1983ರ ಸಲ್ಕಣಿಯ ಅಪ್ಪಿಕೊ ಚಳವಳಿಯ ಕಥೆ ಹೇಳಿದರು. ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿದರು. ಭಯ್ಯಾ ಎರಡು ಮಿಡಿ ಕೇಳಿ ಹಾಕಿಸಿಕೊಂಡರು.

ಈಗ ದೂರು. ಹಿಂದಿನ ಎರಡು ಸಾಲಿಗೆ ಎಸಿ ಗಾಳಿ ಎರಡನೇ ದಿನದಿಂದಲೇ ಬರಲಿಲ್ಲ. ಏಜೆನ್ಸಿಗೆ ಮೂರು ಸಲ ಫೋನ್ ಮಾಡಿದರೂ ನಾಳೆ, ನಾಳೆ ಅಂದರು. ವಯಸ್ಸಾದವರನ್ನು ಮುಂದೆ ಕೂರಿಸಿ ಹೊಂದಿಸಿಕೊಂಡೆವು. ಎರಡನೆಯದು ಬಿಲ್. ಕಿ.ಮೀ.ಗೆ 24 ರೂಪಾಯಿ, ದಿನಕ್ಕೆ ಕನಿಷ್ಠ 250 ಕಿ.ಮೀ. ಲೆಕ್ಕ. ನಾವು ಓಡಿದ್ದು 1,060, ಕೊಟ್ಟಿದ್ದು 1,250ಕ್ಕೆ, ಅಂದರೆ 30,000. ಡ್ರೈವರ್ ಬಾಟಾ (ಭತ್ಯೆ) ದಿನಕ್ಕೆ 500ರ ಹಾಗೆ 2,500. ಟೋಲ್, ಪಾರ್ಕಿಂಗ್ ಬೇರೆ. ಇಷ್ಟು ಮೊದಲೇ ಒಪ್ಪಿದ್ದೆವು, ತಕರಾರಿಲ್ಲ. ಆದರೆ ಬೆಳಿಗ್ಗೆ ಆರಕ್ಕೆ ಮೊದಲು ಹೊರಟಿದ್ದಕ್ಕೆ ರಾತ್ರಿ ಚಾರ್ಜ್ ಅಂತ ಇನ್ನೂ 2,000 ಸೇರಿಸಿದರು. ಮೇ ತಿಂಗಳಲ್ಲಿ ಮರುಭೂಮಿಗೆ ಗಾಡಿ ಕೊಡುವವರಿಗೆ ಆ ಹೊತ್ತಿಗೇ ಹೊರಡಬೇಕು ಅಂತ ಗೊತ್ತಿರಬೇಕಲ್ವಾ? ಬುಕ್ ಮಾಡುವಾಗಲೇ ಹೇಳಬೇಕಿತ್ತು. ಭಯ್ಯಾ ಅವರೇ ಫೋನ್ ತಗೊಂಡು, ಹೊತ್ತು ಹೇಳಿದ್ದು ನಾನು, ಅವರಲ್ಲ ಅಂದರು. 1,000ಕ್ಕೆ ಇಳಿಯಿತು.

ಬುಕ್ ಮಾಡುವ ಮುಂಚೆ ರಾತ್ರಿ ಚಾರ್ಜ್ ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಅಂತ ಬರೆಸಿಕೊಳ್ಳಿ. ಹೊರಡುವ ಹಿಂದಿನ ದಿನ ಗಾಡಿ ತರಿಸಿ ಕೊನೆಯ ಸೀಟಿನಲ್ಲಿ ಕೂತು ಎಸಿ ನೋಡಿ. ಡ್ರೈವರ್ ಜೊತೆ ಒಂದು ಸಲ ನೇರ ಮಾತಾಡಿ, ಮಧ್ಯಾಹ್ನ ಎಲ್ಲಿ ನಿಲ್ಲಿಸುತ್ತೀರಿ ಅಂತ ಕೇಳಿ. ನಿಲ್ಲಿಸುವುದಿಲ್ಲ, ಎಸಿ ಇದೆಯಲ್ಲ ಅಂದರೆ ಬೇರೆ ಗಾಡಿ ಹುಡುಕಿ. ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಬಿಡುವಿದ್ದರೆ ಆಗಲೇ ಹೋಗುವುದು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಅತ್ತೆ ಮಾತ್ರ ಮುಂದಿನ ಸಲವೂ ಮೇನಲ್ಲೇ ಅನ್ನುತ್ತಿದ್ದಾರೆ, ಮಕ್ಕಳಿಗೆ ರಜೆ ಆಗಲೇ ಇರುವುದು, ಭಯ್ಯಾಗೂ ಆಗ ಗಿರಾಕಿ ಕಮ್ಮಿಯಂತೆ.