ಹನ್ನೊಂದು ಮಳೆಗಾಲ ಕಂಡ ನಮ್ಮ ಪದ್ಮಿನಿ

1985ರ ಪ್ರೀಮಿಯರ್ ಪದ್ಮಿನಿ. ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದು ಹನ್ನೊಂದು ಮಳೆಗಾಲ ಆಯಿತು. ಇಂಥ ಕಾರು ಕೊಳ್ಳುವವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ನಾನು ಹೇಳುವುದು, ಮೊದಲು ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹಿಡಿದಿದೆಯಾ ನೋಡಿ.

ಎಂಜಿನ್ ಮನೆಯಲ್ಲೇ ಸಂಭಾಳಿಸಬಹುದು. 1089 ಸಿಸಿ, ನಾಲ್ಕು ಸಿಲಿಂಡರ್, ಬಾನೆಟ್ ಎತ್ತಿದರೆ ಎಲ್ಲ ಕೈಗೆ ಸಿಗುತ್ತದೆ. ಸ್ಟಾರ್ಟ್ ಆಗದಿದ್ದರೆ ಎರಡೇ ಪ್ರಶ್ನೆ: ಕಿಡಿ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ? ಜುಲೈ ತಿಂಗಳಲ್ಲಿ ನಮಗೆ ಕಿಡಿಯದ್ದೇ ಕಾಟ. ಕಿಡಿಯ ಕರೆಂಟನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒಳಗೆ ತೇವ ಕೂರುತ್ತದೆ. ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ, ಅದರೊಳಗೆ ಕರೆಂಟ್ ಕೂಡಿಸಿ ಬಿಡಿಸುವ ಪಾಯಿಂಟ್ ಕಪ್ಪಾಗಿದ್ದರೆ ನಯವಾದ ಉಪ್ಪು ಕಾಗದದಿಂದ ಉಜ್ಜಿ, ಸಂದಿ ಅಳೆಯುವ ಫೀಲರ್ ಗೇಜ್ ಇಟ್ಟು ಗ್ಯಾಪ್ ಸರಿ ಮಾಡುತ್ತೇನೆ. ಅರ್ಧ ಗಂಟೆ ಕೆಲಸ.

ಒಮ್ಮೆ ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ನಿಂತುಹೋಯಿತು. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ರಬ್ಬರ್ ಪೊರೆ, ಬಿರುಕು ಬಿಟ್ಟಿತ್ತು. ಈಗಿನ 20% ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರಿಗೆ ಆಗಿಬರುವುದಿಲ್ಲ. ಎಥನಾಲ್ ತಡೆಯುವ ಪೈಪುಗಳನ್ನೇ ಹಾಕಿಸಿ.

ಆದರೆ ನನ್ನನ್ನು ನಿಜವಾಗಿ ಅಳಿಸಿದ್ದು ತುಕ್ಕು. ಕೊಂಡಾಗ ಕಾರಿನ ತಳಕ್ಕೆ ದಪ್ಪ ಕಪ್ಪು ಕೋಟಿಂಗ್ ಇತ್ತು, ಚೆನ್ನಾಗಿದೆ ಅಂದುಕೊಂಡೆ. ಮೂರನೇ ವರ್ಷ ಕೆರೆದು ನೋಡಿದರೆ ಬರೀ ತೂತು ಮುಚ್ಚುವ ಪುಟ್ಟಿ ಪೇಸ್ಟು! ಡ್ರೈವರ್ ಸೀಟಿನ ಕೆಳಗೆ ಬೆರಳು ಹೋಗುವಷ್ಟು ತೂತು. ಈ ಕಾರಿಗೆ ಬೇರೆ ಚಾಸಿ, ಅಂದರೆ ಅಡಿಯ ಉಕ್ಕಿನ ಚೌಕಟ್ಟು, ಇಲ್ಲ; ಬಾಡಿಯೇ ಬೆನ್ನೆಲುಬು. ಅದಕ್ಕೇ ಅಡಿ ತಗಡು ಕೊಳೆತರೆ ಸುಮ್ನೆ ಬಿಡಬಾರದು. ಟಿಂಕರಿಂಗ್ ಶೆಡ್ಡಿನಲ್ಲಿ ಕೊಳೆತಷ್ಟನ್ನೂ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಕಾರಿನ ಬೆಲೆಗಿಂತ ಜಾಸ್ತಿ ಆಯಿತು. ಮಾಡಿಸಿದ್ದು ಒಳ್ಳೆಯದೇ ಆಯಿತು.

ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ ಮ್ಯಾಟ್ ಎಲ್ಲ ತೆಗೆದು ಬಿಸಿಲಿಗೆ ಹಾಕುತ್ತೇನೆ. ಬಾಗಿಲ ಅಡಿಯ ನೀರು ಹೋಗುವ ತೂತುಗಳಿಗೆ ತಂತಿ ಹಾಕಿ ಕಸ ತೆಗೆಯುತ್ತೇನೆ. ತುಕ್ಕಿನ ಚುಕ್ಕೆ ಕಂಡಲ್ಲಿ ಕೆರೆದು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ. ಕಾರಿನ ಕೆಳಗೆ ನುಸುಳುವಾಗ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಲೇಬೇಕು.

ಬ್ರೇಕ್ ನಾಲ್ಕೂ ಚಕ್ರಕ್ಕೆ ಡ್ರಮ್. ಒತ್ತುತ್ತಲೇ ಇದ್ದರೆ ಕಾದು ಹಿಡಿತ ಬಿಡುತ್ತದೆ, ಅದಕ್ಕೇ ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಮ್ಮ ಹವೆಗೆ ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತೇನೆ. ಪಾಯಿಂಟ್, ಪ್ಲಗ್ ಸಿಗುತ್ತವೆ. ಗಾಜಿನ ಸುತ್ತಲ ಒಳ್ಳೆಯ ರಬ್ಬರ್ ಬೀಡಿಂಗ್ ಸಿಕ್ಕಿದರೆ ಎರಡು ಸೆಟ್ ತಂದಿಟ್ಟುಕೊಳ್ಳಿ. ನೀರು ಒಳಗೆ ಬರುವುದು ಅಲ್ಲಿಂದಲೇ.